ಮೋಟರನ್ನ ನಿಧಾನಕ್ಕೆ ಓಡಿಸು, ಮಗ

ಗುಬ್ಬಿ ಸೀಮೆಯ ತೋಟದಲ್ಲೇ ಮುಪ್ಪಾದ ತಾತನಿಗೆ ಈಜುಕೊಳದ ವಿಚಾರ ಏನು ಗೊತ್ತು ಅಂತ ನಗಬೇಡ. ಕೊಳ ಹೊಸದು ಕಣಪ್ಪ, ಪಂಪಿನ ಲೆಕ್ಕ ಹಳೇದೇ. ಕುಣಿಗಲ್ ಹತ್ತಿರದ ತೆಂಗಿನ ತೋಟದಲ್ಲಿ ಫಾರ್ಮ್ ಸ್ಟೇ ಮಾಡಿದೆ, ಬೆಂಗಳೂರಿನವರು ಈಜಲಿ ಅಂತ ಕೊಳ ಕಟ್ಟಿಸಿದೆ. ಮೆಚ್ಚಿದೆ. ಆದರೆ ಕರೆಂಟ್ ಬಿಲ್ಲು ನೋಡಿ ಸಪ್ಪಗಾದೆಯಲ್ಲ, ಅದಕ್ಕೇ ಹೇಳ್ತೀನಿ ಕೇಳು.

ನಿಮ್ಮ ವಯಸ್ಸಿನವರಿಗೆ ಮೋಟರು ದೊಡ್ಡದಿದ್ದಷ್ಟೂ ಧೈರ್ಯ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ನಾಲ್ಕಡಿ ಆಳದ ಕೊಳ ಹಿಡಿಯೋದು ಸುಮಾರು 60 ಸಾವಿರ ಲೀಟರ್. ಎಂಟು ಗಂಟೆಯಲ್ಲಿ ಅದು ಒಂದು ಸುತ್ತು ಫಿಲ್ಟರ್ ದಾಟಬೇಕಾದರೆ ಗಂಟೆಗೆ 7,500 ಲೀಟರ್ ಹರಿದರೆ ಸಾಕು. 1 ಎಚ್‌ಪಿ ಧಾರಾಳ. ನೀನು ಹಾಕಿಸಿರೋದು ಮೂರು! ಅದು ಸಾಲದು ಅಂತ ವಾಲ್ವ್ ಅರ್ಧ ಮುಚ್ಚಿ ನೀರು ತಗ್ಗಿಸ್ತೀಯ. ಮುಚ್ಚಿದ ವಾಲ್ವಿಗೆ ಗುದ್ದಿ ಹಾಳಾಗೋ ಶಕ್ತಿಗೂ ಮೀಟರು ಓಡುತ್ತೆ.

ಬೋರ್‌ವೆಲ್ ಲೆಕ್ಕ ಬೇರೆ. ಅಲ್ಲಿ ನೂರಾರು ಅಡಿಯಿಂದ ನೀರೆತ್ತಬೇಕು. ಆ ಎತ್ತರ ಯಾರ ಮಾತೂ ಕೇಳಲ್ಲ. ಕೊಳದ ನೀರು ಇದ್ದಲ್ಲೇ ಸುತ್ತುತ್ತೆ, ಪೈಪು ಫಿಲ್ಟರುಗಳ ತಿಕ್ಕಾಟ ಗೆದ್ದರಾಯ್ತು. ಅದಕ್ಕೇ ಇಲ್ಲಿ ನಿಧಾನಕ್ಕೆ ಬೆಲೆ ಇದೆ. ಪಂಪಿನ ವೇಗ ಅರ್ಧಕ್ಕಿಳಿಸಿದರೆ ನೀರು ಅರ್ಧ, ಶಕ್ತಿ ಮಾತ್ರ ಎಂಟನೇ ಒಂದು ಭಾಗ. ಎರಡರಷ್ಟು ಹೊತ್ತು ಓಡಿಸಿದರೂ ಕಾಲು ಪಾಲು ಯೂನಿಟ್ಟು. ಮೋಟರಿನ ನಷ್ಟ ಸೇರಿ ಪೂರ್ತಿ ಅಷ್ಟು ದಕ್ಕದಿದ್ದರೂ ಬಿಲ್ಲು ಚೆನ್ನಾಗೇ ಇಳಿಯುತ್ತೆ. ತ್ರೀ ಫೇಸ್ ಮೋಟರಾದರೆ ವೇಗ ಹೆಚ್ಚು-ಕಡಿಮೆ ಮಾಡೋ ವಿಎಫ್‌ಡಿ ಹಾಕಿಸು. ಫಿಲ್ಟರಿಗೆ ಬ್ಯಾಕ್‌ವಾಶ್ ಮಾಡೋವಾಗ ಮಾತ್ರ ವೇಗ ಏರಿಸಿಕೋ.

ಪೈಪಲ್ಲೂ ಜುಗ್ಗತನ ಬೇಡ. ಒಂದೂವರೆ ಇಂಚಿನ ಬದಲು ಎರಡಿಂಚು ಹಾಕಿದರೆ ಅಷ್ಟೇ ನೀರಿಗೆ ಪೈಪಿನೊಳಗಿನ ತಿಕ್ಕಾಟ ಕಾಲು ಭಾಗಕ್ಕಿಳಿಯುತ್ತೆ. ತೆಂಗಿನ ಹೂವು, ಕಸ ಪಂಪಿನ ಮುಂದಿನ ಜಾಲರಿ ಬುಟ್ಟಿಯಲ್ಲಿ ಕಟ್ಟಿಕೊಂಡರೆ ಪಂಪು ಏದುಸಿರು ಬಿಡುತ್ತೆ, ದಿನಾ ತೆಗೆ. ಕಸ ಬೀಳದ ಹಾಗೆ ರಾತ್ರಿ ಕೊಳಕ್ಕೆ ಹೊದಿಕೆ ಎಳೆ.

ಉಳಿತಾಯದ ಆಸೆಗೆ ಮೋಟರನ್ನೇ ನಿಲ್ಲಿಸಿಬಿಟ್ಟೀಯ, ಜೋಕೆ. ನೀರಿಗಿಳಿಯೋದು ಇನ್ನೊಬ್ಬರ ಮಕ್ಕಳು. ಜನ ಹೆಚ್ಚಿದ ದಿನ ಇನ್ನೊಂದು ಸುತ್ತು ಓಡಿಸು, ಕ್ಲೋರಿನ್ ನೋಡಿಕೋ.

ಸೋಲಾರ್ ಅಂತ ಕುಣೀತಿದ್ದೀಯ. ಪಾವಗಡದಲ್ಲಿ 2,050 ಮೆಗಾವಾಟ್ ಪಾರ್ಕ್ ಕಟ್ಟಿದ ಜಿಲ್ಲೆ ನಮ್ಮದು, ಬಿಸಿಲಿಗೆ ಬರ ಇಲ್ಲ. ಆದರೆ ಮೊದಲು ಮೋಟರು ಚಿಕ್ಕದು ಮಾಡು. ಆಮೇಲೆ ಫಲಕವೂ ಕಡಿಮೆ ಸಾಕು.

ಇನ್ನೊಂದು ಮಾತು. 10 ಎಚ್‌ಪಿ ವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಬಿಟ್ಟಿ ಕರೆಂಟು ಕೊಡೋದು ಬೆಳೆಗೆ. ತೋಟದ ಲೈನಿಂದ ಕೊಳಕ್ಕೆ ವೈರು ಎಳೆಯೋಣ ಅಂತ ಯಾರಾದರೂ ಹೇಳಿದರೆ ಅವನನ್ನ ಗೇಟಿಂದಾಚೆ ಕಳಿಸು. ಅದೇ ಟ್ರಾನ್ಸ್‌ಫಾರ್ಮರಿನಿಂದ ಅಕ್ಕಪಕ್ಕದವರ ಅಡಿಕೆಗೂ ನೀರು ಹೋಗಬೇಕು. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ಅವರ ಮೋಟರು ಸುಟ್ಟರೆ ಕಾಯಿಲ್ ಕಟ್ಟಿಸೋಕೆ ದುಡ್ಡು ಹೊಂಚೋರು ಅವರು.