ಪ್ರತೀಕಾರವುಳ್ಳ ರೋಗವೂ ವ್ರತಿಯೂ

ಎರಡು ವರ್ಷಗಳ ಹಿಂದೆ ಬಸದಿಯಲ್ಲಿ ಶಾಸ್ತ್ರಪ್ರವಚನವನ್ನು ಕೇಳುತ್ತಿರುವಾಗ, ಎಡಗಿವಿಗೆ ಧ್ವನಿಯು ಮುಟ್ಟಿದರೂ ಪದಗಳು ಸ್ಪಷ್ಟವಾಗುತ್ತಿಲ್ಲವೆಂಬುದನ್ನು ಗಮನಿಸಿದೆನು. ವೃದ್ಧಾಪ್ಯವೆಂದು ಬಗೆದು ಕೆಲಕಾಲ ಸುಮ್ಮನಿದ್ದುದು ನನ್ನ ಪ್ರಮಾದ. ಒಂದೇ ಕಿವಿಯ ಮಾಂದ್ಯವನ್ನು ಕಡೆಗಣಿಸಲಾಗದೆಂದು ವೈದ್ಯರು ಎಂ.ಆರ್.ಐ. ಚಿತ್ರ ತೆಗೆಸಿದಾಗ, ದೇಹದ ಸಮತೋಲವನ್ನು ಕಾಯುವ ನರದ ಹೊದಿಕೆಯಲ್ಲಿ 9 ಮಿಲಿಮೀಟರಿನ ಗಂತಿಯೊಂದು ಕಂಡಿತು. ಇದರ ಹೆಸರು ವೆಸ್ಟಿಬ್ಯುಲರ್ ಶ್ವಾನೋಮ. ಇದು ಕ್ಯಾನ್ಸರ್ ಅಲ್ಲ, ಅನ್ಯ ಅಂಗಗಳಿಗೆ ಹರಡುವುದಿಲ್ಲ. ಆದರೆ ದೊಡ್ಡದಾದರೆ ಮಿದುಳಿನ ಕಾಂಡವನ್ನು ಒತ್ತಬಲ್ಲದು.

ಸುದ್ದಿ ತಿಳಿದ ಬಂಧುವೊಬ್ಬರು, "ಇನ್ನು ಔಷಧದ ಗೊಡವೆಯೇಕೆ? ಸಲ್ಲೇಖನಕ್ಕೆ ಮನಸ್ಸನ್ನು ಅಣಿಗೊಳಿಸಿರಿ" ಎಂದರು. ಭಕ್ತಿಯ ಮಾತೇ ಹೌದು, ಶಾಸ್ತ್ರಸಮ್ಮತವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಜರೆ, ರುಜೆಗಳನ್ನು ಕಾರಣವಾಗಿ ಹೇಳುವಾಗ, ಅವು ಪ್ರತೀಕಾರವಿಲ್ಲದವಾಗಿರಬೇಕೆಂಬ ವಿಶೇಷಣವನ್ನು ಸೇರಿಸಿದ್ದಾರೆ. ನಾವು ವಿಶೇಷ್ಯವನ್ನು ಹಿಡಿದು ವಿಶೇಷಣವನ್ನು ಬಿಡುತ್ತೇವೆ. ವ್ಯಾಕರಣ ಕಲಿಸಿದ ನನಗೆ ಇದು ಸಹಿಸದು. ಆ ಆಚಾರ್ಯರೇ ಭಸ್ಮಕವ್ಯಾಧಿಯಿಂದ ನೊಂದು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ, ಗುರುಗಳು ಒಪ್ಪದೆ, ರೋಗವನ್ನು ಶಮನಗೊಳಿಸಿಕೊಂಡು ಮರಳಿ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರೆಂದು ದೇವಚಂದ್ರನ ರಾಜಾವಳೀಕಥೆ ತಿಳಿಸುತ್ತದೆ.

ಪ್ರತೀಕಾರವಾದರೂ ಯಾವುದು? ಶಸ್ತ್ರಕ್ರಿಯೆಯಿಂದ ಗಂತಿಯನ್ನು ತೆಗೆಯಬಹುದು. ಸನಿಹದಲ್ಲೇ ಮುಖದ ನರವಿರುವುದರಿಂದ ಅದಕ್ಕೆ ಅಪಾಯವುಂಟು. ಗಾಮಾ ನೈಫ್ ಎಂಬ ಕಿರಣಚಿಕಿತ್ಸೆಯ ಗುರಿ ಬೆಳವಣಿಗೆಯನ್ನು ತಡೆಯುವುದು, ಗಂತಿಯನ್ನು ತೆಗೆಯುವುದಲ್ಲ. ಮೂರನೆಯದು ಕಾದು ನೋಡುವುದು. ಸಣ್ಣ ಗಂತಿಗಳಲ್ಲಿ ಎಷ್ಟೋ ವರ್ಷಾನುಗಟ್ಟಲೆ ಬೆಳೆಯುವುದೇ ಇಲ್ಲ. ನಾನು ಇದನ್ನೇ ಆರಿಸಿದೆನು. ಆರು ತಿಂಗಳ ಬಳಿಕದ ಚಿತ್ರದಲ್ಲಿ ಗಂತಿ ಬೆಳೆದಿರಲಿಲ್ಲ. ಆದರೂ ಶ್ರವಣಶಕ್ತಿ ಇನ್ನಷ್ಟು ಕುಂದಿತ್ತು. ಗಂತಿ ಬೆಳೆಯದಿದ್ದರೂ ಹೀಗಾಗಬಹುದಂತೆ. ಕಾಯುವುದಕ್ಕೂ ಬೆಲೆ ತೆರಬೇಕೆಂಬುದನ್ನು ಆಗ ಅರಿತೆನು.

ಅದೇ ಗ್ರಂಥದಲ್ಲಿ ಕಾಲಮಿತಿಯುಳ್ಳ ತ್ಯಾಗ ನಿಯಮ, ಯಾವಜ್ಜೀವದ್ದು ಯಮ. ಕಾದು ನೋಡುವುದು ನಿಯಮದ ಜಾತಿಗೆ ಸೇರಿದ್ದು. ಅದಕ್ಕೆ ಅವಧಿಯುಂಟು; ಅವಧಿ ಮುಗಿದ ದಿನ ಮತ್ತೆ ಚಿತ್ರ ತೆಗೆಸಿ, ಮತ್ತೆ ನಿರ್ಧರಿಸಬೇಕು. ತಾರೀಖಿಲ್ಲದ ಕಾಯುವಿಕೆ ನನ್ನ ಮೊದಲಿನ ಪ್ರಮಾದದ್ದೇ ಇನ್ನೊಂದು ರೂಪ.

ಉಪವಾಸದ ವಿಷಯವನ್ನೂ ಹೇಳಬೇಕು. ಅನಶನದಿಂದ ಇಂಥ ಗಂತಿ ಕರಗುತ್ತದೆಂಬ ಮಾತಿಗೆ ಆಧಾರವಿಲ್ಲ, ತಪಸ್ಸಿರುವುದು ಕರ್ಮನಿರ್ಜರೆಗೆ. ಸಮತೋಲ ತಗ್ಗಿದವನು ಅಷ್ಟಮಿ-ಚತುರ್ದಶಿಗಳಂದು ನೀರನ್ನೂ ತ್ಯಜಿಸಿದರೆ ತಲೆ ತಿರುಗಿ ಬೀಳುವ ಸಂಭವ ಹೆಚ್ಚು. ಒಮ್ಮೆ ಬಸದಿಯ ಮೆಟ್ಟಿಲಲ್ಲಿ ನಾನೇ ಜಾರಿದೆನು. ಅನಂತರ ಮುನಿಗಳ ಸನ್ನಿಧಿಯಲ್ಲಿ ನಿವೇದಿಸಿಕೊಂಡು, ಉಪವಾಸದ ಬದಲು ಏಕಭುಕ್ತವನ್ನು ಆಚರಿಸುತ್ತಿದ್ದೇನೆ. ಮೂವತ್ತು ವರ್ಷ ನಡೆಸಿದ್ದನ್ನು ಬದಲಿಸಿದಾಗ ಮನಸ್ಸು ನೊಂದಿತೆಂಬುದನ್ನು ಮರೆಮಾಚಲಾರೆ.

ದಶಲಕ್ಷಣ ಪರ್ವದ ಬಳಿಕ ಮೂರನೆಯ ಚಿತ್ರ. ಅಲ್ಲಿಯವರೆಗೆ, ಬಲಗಿವಿಯು ಶಾಸ್ತ್ರಪೀಠದ ಕಡೆಗಿರುವಂತೆ ಎಡಬದಿಯ ಕಂಬದ ಬಳಿ ಕುಳಿತುಕೊಳ್ಳುತ್ತೇನೆ. ಅಲ್ಲಿ ಮೊದಲೇ ಕುಳಿತವರು ಸ್ವಲ್ಪ ಸರಿದು ಎಡೆಗೊಡಬೇಕು.