ಅನ್ನ ನಮಗೆ, ಹುಲ್ಲು ದನಕ್ಕೆ: ಅಯೋಡಿನ್ ಹನಿಯಲ್ಲಿ ಪಿಷ್ಟದ ಗುಟ್ಟು

ಸುಗ್ಗಿ ಕಳೆದ ಮೇಲೆ ಕುಬಟೂರಿನ ಕೈಟಭೇಶ್ವರ ದೇವಸ್ಥಾನ ನೋಡಿ ಆನವಟ್ಟಿ ಕಡೆ ಹೊರಟರೆ ದಾರಿಯುದ್ದಕ್ಕೂ ಹುಲ್ಲಿನ ಬಣವೆ. ಭತ್ತದ ಸೀಮೆಯಲ್ಲಿ ಇದು ಹಳೇ ಲೆಕ್ಕ: ಕಾಳು ಪಣತಕ್ಕೆ, ಹುಲ್ಲು ಕೊಟ್ಟಿಗೆಗೆ. ಆದರೆ ಕಾಳನ್ನೂ ಹುಲ್ಲನ್ನೂ ಕಟ್ಟಿರುವ ಮುಖ್ಯ ಇಟ್ಟಿಗೆ ಒಂದೇ, ಗ್ಲೂಕೋಸ್. ಹಾಗಿದ್ದರೆ ಅನ್ನ ಉಂಡು ಅರಗಿಸಿಕೊಳ್ಳುವ ನಾವು ಹುಲ್ಲು ತಿಂದು ಬದುಕಲಾರೆವೇಕೆ? ಶರ್ಕರಪಿಷ್ಟದ ಪಾಠವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಅಡುಗೆಮನೆಯಲ್ಲೇ ಒಂದು ಸಂಜೆ ಕೂತು ಬಿಡಿಸಬಹುದು.

ಸಾಮಾನು ಹೊಂದಿಸಿ

ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದಕ್ಕೆ ನೀರು ಬೆರೆಸಿ ತೆಳು ಚಹಾದ ಬಣ್ಣಕ್ಕೆ ತನ್ನಿ. ಒಂದು ಬಿಳಿ ತಟ್ಟೆ, ಅನ್ನದ ಗಂಜಿ, ಸಕ್ಕರೆ, ಬಾಳೆಕಾಯಿ, ಚೆನ್ನಾಗಿ ಕಳಿತ ಬಾಳೆಹಣ್ಣು, ಚೂರು ಅರಳೆ, ನಾಲ್ಕು ಎಳೆ ಒಣಹುಲ್ಲು ಇದ್ದರೆ ಸಾಕು. ಅಯೋಡಿನ್ ಮುಟ್ಟಿದ ಯಾವುದನ್ನೂ ಬಾಯಿಗೆ ಹಾಕಬಾರದು. ಮಕ್ಕಳು ಮಾಡುವಾಗ ದೊಡ್ಡವರು ಪಕ್ಕದಲ್ಲಿರಲಿ.

ಹನಿ ಹಾಕಿ ನೋಡಿ

ತಟ್ಟೆಯಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಟ್ಟು ಒಂದೊಂದೇ ಹನಿ ಬಿಡಿ. ಗಂಜಿ ಕಡುನೀಲಿಗೆ ತಿರುಗುತ್ತದೆ, ಬಾಳೆಕಾಯಿ ಹೋಳು ಕಪ್ಪಿಡುತ್ತದೆ; ಪಿಷ್ಟವಿದೆ ಎನ್ನುವುದಕ್ಕೆ ಇದೇ ಗುರುತು. ಸಕ್ಕರೆ ಮೇಲಿನ ಹನಿ ಹಳದಿಯಾಗಿಯೇ ಉಳಿಯುತ್ತದೆ. ಕಳಿತ ಹಣ್ಣಿನಲ್ಲಿ ಬಣ್ಣ ತೀರಾ ಕಡಿಮೆ, ಏಕೆಂದರೆ ಕಾಯಿ ಹಣ್ಣಾಗುವಾಗ ಪಿಷ್ಟ ಮುರಿದು ಸಕ್ಕರೆಯಾಗಿರುತ್ತದೆ.

ಮೊದಲ ಸಲ ನಾನು ಒಲೆಯಿಂದ ಇಳಿಸಿದ ಗಂಜಿಗೇ ಹನಿ ಹಾಕಿದ್ದೆ. ಬಣ್ಣ ಬರಲಿಲ್ಲ. ಅಂಗಡಿಯವ ಹಳೇ ಬಾಟಲಿ ಕೊಟ್ಟ ಎಂದು ಗೊಣಗಿ ಎದ್ದು ಹೋದೆ. ಕಾಫಿ ಕುಡಿದು ಬರುವಷ್ಟರಲ್ಲಿ ಲೋಟವಿಡೀ ನೀಲಿ! ಪಿಷ್ಟದ ಸರಪಳಿ ಸ್ಪ್ರಿಂಗಿನಂತೆ ಸುರುಳಿ ಸುತ್ತಿರುತ್ತದೆ, ಅಯೋಡಿನ್ ಆ ಸುರುಳಿಯೊಳಗೆ ಹೊಕ್ಕಾಗಲೇ ನೀಲಿ. ಬಿಸಿಯಲ್ಲಿ ಅದು ಒಳಗೆ ನಿಲ್ಲುವುದಿಲ್ಲ, ಆರಿದಾಗ ಮತ್ತೆ ಸೇರುತ್ತದೆ. ಆದ್ದರಿಂದ ಗಂಜಿ ಪೂರ್ತಿ ಆರಿರಲಿ.

ಇನ್ನು ಅರಳೆ. ಅದು ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್. ಅಂದರೆ ಬರೀ ಗ್ಲೂಕೋಸ್ ಸರಪಳಿ. ಆದರೂ ನೀಲಿಯಾಗದು. (ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಯ ಮೇಲೆ ಹನಿ ಬಿದ್ದರೆ ನೀಲಿಯಾಗುತ್ತದೆ, ಅದು ಗಂಜಿಯ ಗುಣ.) ಹುಲ್ಲಿನಲ್ಲೂ ಹಳದಿಯೇ, ಕಾಂಡದಲ್ಲಿ ಚೂರುಪಾರು ಪಿಷ್ಟ ಉಳಿದಿದ್ದರೆ ಅಲ್ಲಲ್ಲಿ ಚುಕ್ಕೆ ಕಂಡೀತು. ಪಿಷ್ಟದಲ್ಲಿ ಗ್ಲೂಕೋಸ್‌ಗಳೆಲ್ಲ ಒಂದೇ ಮಗ್ಗುಲಿಗೆ ಹೆಣೆದುಕೊಂಡು ಸುರುಳಿಯಾಗುತ್ತವೆ. ಸೆಲ್ಯುಲೋಸ್‌ನಲ್ಲಿ ಒಂದು ನೆಟ್ಟಗೆ, ಮುಂದಿನದು ತಲೆಕೆಳಗೆ. ಹಾಗಾಗಿ ಸರಪಳಿ ನೇರ ನಿಂತು, ಅಡಿಕೆ ದಬ್ಬೆ ಒತ್ತಾಗಿ ಜೋಡಿಸಿದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅಯೋಡಿನ್ ಹೊಗಲು ಅಲ್ಲಿ ಸುರುಳಿಯೇ ಇಲ್ಲ.

ಎಂಜಲಿನ ಕೆಲಸ

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ ಇದು. ಆರಿದ ತೆಳುಗಂಜಿ ಎರಡು ಲೋಟಕ್ಕೆ ಒಂದೊಂದು ಚಮಚ ಹಾಕಿ. ಬಾಯಿ ಮುಕ್ಕಳಿಸಿಕೊಂಡು ಬಂದು ಒಂದಕ್ಕೆ ಅರ್ಧ ಚಮಚ ಎಂಜಲು ಬೆರೆಸಿ, ಇನ್ನೊಂದಕ್ಕೆ ಅಷ್ಟೇ ನೀರು. ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿಡಿ. ಎರಡು ನಿಮಿಷಕ್ಕೊಮ್ಮೆ ಹನಿ ತೆಗೆದು ತಟ್ಟೆಯಲ್ಲಿ ಅಯೋಡಿನ್ ಮುಟ್ಟಿಸಿ. ನೀರಿನ ಲೋಟದ್ದು ನೀಲಿಯೇ. ಎಂಜಲಿನದು ಮೊದಲು ನೀಲಿ, ಆಮೇಲೆ ಕೆಂಗಂದು, ಕೊನೆಗೆ ಬರೀ ಹಳದಿ. ಎಂಜಲಿನ ಅಮೈಲೇಸ್ ಎಂಬ ಕಿಣ್ವ ಉದ್ದ ಸರಪಳಿಯನ್ನು ತುಂಡರಿಸುತ್ತ ಎರಡೆರಡು ಗ್ಲೂಕೋಸ್‌ನ ಮಾಲ್ಟೋಸ್‌ವರೆಗೆ ತಂದಿರುತ್ತದೆ. ಬರೀ ಅನ್ನ ಜಗಿಯುತ್ತಲೇ ಇದ್ದರೆ ಸಿಹಿಯಾಗುವುದು ಇದರಿಂದ.

ಎಂಜಲನ್ನು ಕುದಿಸಿ ಆರಿಸಿ ಹಾಕಿದರೆ ಈ ಕೆಲಸ ನಡೆಯದು. ಕಿಣ್ವ ಪ್ರೋಟೀನು, ಕುದಿಸಿದರೆ ಕೆಡುತ್ತದೆ. ಹುಳಿ ಹಾಕಿ ಪರೀಕ್ಷಿಸುವ ಉತ್ಸಾಹ ಬಂದರೆ ನಿಂಬೆರಸ ಮಾತ್ರ ಬೇಡ. ಅದರ ಸಿ ವಿಟಮಿನ್ ಅಯೋಡಿನ್ನಿನ ಬಣ್ಣವನ್ನೇ ನುಂಗಿಬಿಡುತ್ತದೆ. ಪಿಷ್ಟ ಹಾಗೇ ಇದ್ದರೂ ಕರಗಿತೆಂದು ಮೋಸಹೋಗುತ್ತೀರಿ.

ಈಗ ಹುಲ್ಲಿನ ಪ್ರಶ್ನೆ. ಅಮೈಲೇಸ್ ಎಂಬ ಕತ್ತರಿ ಪಿಷ್ಟದ ಗಂಟಿಗೆ ಹೊಂದುತ್ತದೆ, ಸೆಲ್ಯುಲೋಸ್ ಗಂಟಿಗೆ ಹೊಂದದು. ಆ ಇನ್ನೊಂದು ಕತ್ತರಿ ನಮ್ಮಲ್ಲಿಲ್ಲ, ನಿಜ ಹೇಳಬೇಕೆಂದರೆ ಹಸುವಿಗೂ ಇಲ್ಲ! ಅದರ ದೊಡ್ಡಹೊಟ್ಟೆಯಲ್ಲಿ ಬೀಡುಬಿಟ್ಟ ಸೂಕ್ಷ್ಮಜೀವಿಗಳು ಸೆಲ್ಯುಲೋಸನ್ನು ಮುರಿದು ಹುದುಗಿಸುತ್ತವೆ; ಹಾಗೆ ಹುಟ್ಟಿದ ಕೊಬ್ಬಿನಾಮ್ಲಗಳಿಂದ ಹಸುವಿಗೆ ಶಕ್ತಿ. ನಮ್ಮ ಪಾಲಿಗೆ ಸೆಲ್ಯುಲೋಸ್ ಅಂದರೆ ಸೊಪ್ಪು ತರಕಾರಿಯ ನಾರು.

ಗದ್ದೆಯಲ್ಲೂ ಒಂದು ಪರೀಕ್ಷೆ

ಭೂಮಿ ಹುಣ್ಣಿಮೆ ಕಳೆದು ತೆನೆ ಹಾಲುಗಟ್ಟುವಾಗ, ಔಷಧಿ ಹೊಡೆಯದ ಗದ್ದೆಯ ಒಂದು ಎಳೆಗಾಳು ಹಿಚುಕಿ ನಾಲಿಗೆಗೆ ಮುಟ್ಟಿಸಿ. ಸಣ್ಣ ಸಿಹಿ ಇರುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಸುಕ್ರೋಸ್ ರೂಪದಲ್ಲಿ ಕಾಳಿಗೆ ಇಳಿದು ಅಲ್ಲಿ ಪಿಷ್ಟವಾಗುತ್ತದೆ. ಹಾಲು ಗಟ್ಟಿಯಾದಂತೆ ಸಿಹಿ ಹೋಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ

ಸಿಹಿಯಿಲ್ಲದ್ದು ಸಕ್ಕರೆ ಏರಿಸದು ಎಂಬ ನಂಬಿಕೆ ಎಂಜಲಿನ ಲೋಟದಲ್ಲೇ ಸುಳ್ಳಾಯಿತು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ, ಅದರಲ್ಲಿ ಬಹುಪಾಲು ಕರುಳಿನಲ್ಲಿ ಗ್ಲೂಕೋಸ್ ಆಗುವಂಥದ್ದು. ಆರೋಗ್ಯವಂತನ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು ಒಂದು ಟೀ ಚಮಚ ಮಾತ್ರ. ಬೆಲ್ಲವೂ ಬಹುಪಾಲು ಸುಕ್ರೋಸೇ, ಅದರ ಹೆಸರಿನಲ್ಲಿ ರಿಯಾಯಿತಿ ಇಲ್ಲ. ತಂಗಳನ್ನದಲ್ಲಿ ಪಿಷ್ಟದ ಒಂದಂಶ ಬಿಗಿದುಕೊಂಡು ನಿಧಾನಕ್ಕೆ ಅರಗುವುದು ಹೌದು, ಆದರೆ ಅದನ್ನೇ ನೆಪ ಮಾಡಿ ಎರಡನೇ ಸಲ ಬಡಿಸಿಕೊಳ್ಳಬೇಡಿ.

ತಟ್ಟೆ ತೊಳೆಯುವಾಗ ಬೆರಳಿಗೋ ಬಟ್ಟೆಗೋ ಅಯೋಡಿನ್ ಕಲೆ ಅಂಟಿದ್ದರೆ, ಆಗ ಬೇಡ ಎಂದ ನಿಂಬೆಹೋಳನ್ನು ಈಗ ತನ್ನಿ. ತಿಕ್ಕಿದರೆ ಕಲೆ ಹೋಗುತ್ತದೆ.