ಊಟ ಬಿಟ್ಟ ಕರಿಯ



ನಾವು ಕಾಮಾಕ್ಷಿಪಾಳ್ಯದಲ್ಲಿ ಸಂಜೆ ಪಾಠ ಹೇಳ್ತೇವೆ. ಅಲ್ಲಿಗೆ ಒಬ್ಬ ಅಕ್ಕ ಬರ್ತಾರೆ. ಅವರು ವಿಜಯನಗರದಲ್ಲಿ ಹೂವು ಮಾರ್ತಾರೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಕೆ.ಆರ್. ಮಾರುಕಟ್ಟೆಗೆ ಹೋಗಬೇಕು. ಆ ಹೊತ್ತಲ್ಲಿ ಬೀದಿಯಲ್ಲಿ ಜನ ಇರೋದಿಲ್ಲ. ಅಕ್ಕನ ಜೊತೆ ಬಸ್ ನಿಲ್ದಾಣದವರೆಗೆ ಒಂದು ನಾಯಿ ಬರ್ತಿತ್ತು. ಅದರ ಹೆಸರು ಕರಿಯ. ಅಕ್ಕ ಬಸ್ ಹತ್ತಿದ ಮೇಲೆ ಕರಿಯ ಮನೆಗೆ ತಿರುಗ್ತಿತ್ತು. ಹದಿಮೂರು ವರ್ಷ ಹೀಗೇ ನಡೀತು.

ಒಂದು ಸಂಜೆ ಅಕ್ಕ ಪಾಠಕ್ಕೆ ಬಂದರು. ಸ್ಲೇಟು ತೆಗೆಯಲಿಲ್ಲ. ಸುಮ್ಮನೆ ಕೂತರು.

"ಏನಕ್ಕಾ, ಹುಷಾರಿಲ್ವಾ?" ಎಂದು ಕೇಳಿದೆವು.

"ನಂಗಲ್ಲ ಮಿಸ್ಸು, ಕರಿಯಂಗೆ. ಎರಡು ದಿನದಿಂದ ಅನ್ನ ಮುಟ್ತಿಲ್ಲ. ಏನಾಗಿದೆ ಅಂತ ಅದು ಬಾಯಿಬಿಟ್ಟು ಹೇಳಲ್ವಲ್ಲ" ಎಂದರು. ಕಣ್ಣಲ್ಲಿ ನೀರು ಬಂತು.

ಪಕ್ಕದಲ್ಲಿ ಕೂತಿದ್ದವರು ತಲೆಗೊಂದು ಮಾತು ಹೇಳಿದರು. "ಗಂಟಲಲ್ಲಿ ಮೂಳೆ ಸಿಕ್ಕಿರ್ಬೇಕು, ಕೈ ಹಾಕಿ ತೆಗಿ" ಎಂದರು ಒಬ್ಬರು. "ಜ್ವರದ ಮಾತ್ರೆ ಅರ್ಧ ಕೊಡು" ಎಂದರು ಇನ್ನೊಬ್ಬರು. "ವಯಸ್ಸಾಯ್ತು ಬಿಡು, ನಾಯಿಗೆ ಯಾಕಿಷ್ಟು ಒದ್ದಾಟ?" ಎಂದರು ಮತ್ತೊಬ್ಬರು.

ಈ ಮೂರು ಮಾತಿನಲ್ಲಿ ಎರಡು ಅಪಾಯದ ಮಾತು. ಮೂರನೆಯದಕ್ಕೆ ಒಂದು ಹಳೆಯ ಕಲ್ಲು ಉತ್ತರ ಹೇಳುತ್ತೆ. ಒಂದೊಂದಾಗಿ ನೋಡೋಣ.

ಮೊದಲು ನೋಡಿ, ಆಮೇಲೆ ಮುಟ್ಟಿ

ಊಟ ಬಿಟ್ಟ ನಾಯಿಯ ಬಾಯಿಗೆ ಕೈ ಹಾಕಬೇಡಿ. ಯಾಕೆ ಗೊತ್ತೆ? ಹುಚ್ಚುನಾಯಿ ರೋಗ ಬಂದ ನಾಯಿಯೂ ಊಟ ಬಿಡುತ್ತೆ. ಈ ರೋಗಕ್ಕೆ ರೇಬೀಸ್ ಅಂತಾರೆ. ರೇಬೀಸ್ ಬಂದ ನಾಯಿ ಎಲ್ಲವೂ ಓಡಾಡಿ ಕಚ್ಚೋದಿಲ್ಲ. ಕೆಲವು ಮೂಲೆ ಹಿಡಿದು ಮಲಗುತ್ತವೆ. ಅವುಗಳ ದವಡೆ ಜೋತು ಬೀಳುತ್ತೆ. ಜೊಲ್ಲು ಸುರಿಯುತ್ತೆ. ನುಂಗಲು ಆಗೋದಿಲ್ಲ. ಬೊಗಳುವ ದನಿ ಬದಲಾಗುತ್ತೆ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿದ ಹಾಗೆ ಕಾಣುತ್ತೆ. ಪಾಪ ಅಂತ ಕೈ ಹಾಕಿದರೆ ಜೊಲ್ಲಿನಿಂದ ರೋಗ ನಮಗೆ ಅಂಟುತ್ತೆ.

ರೇಬೀಸಿನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿಸುವ ಔಷಧಿ ಇಲ್ಲ. ಆದರೆ ಅದು ಬರದ ಹಾಗೆ ತಡೆಯಬಹುದು. ನಾಯಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ಜೊಲ್ಲು ಬಿದ್ದರೆ ಹೀಗೆ ಮಾಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಅರಿಶಿನ ಏನನ್ನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹಿಂದೆ ಹೊಟ್ಟೆಗೆ ಚುಚ್ಚುತ್ತಿದ್ದರು. ಈಗ ತೋಳಿಗೆ ಹಾಕ್ತಾರೆ. ಹೆದರಬೇಡಿ. ಡಾಕ್ಟರು ಹೇಳಿದ ಎಲ್ಲಾ ಚುಚ್ಚುಮದ್ದನ್ನೂ ಹಾಕಿಸಿಕೊಳ್ಳಿ. ನಡುವೆ ಬಿಡಬೇಡಿ.

ನಾವು ಅಕ್ಕನನ್ನು ಕೇಳಿದೆವು: "ಕರಿಯಂಗೆ ರೇಬೀಸ್ ಲಸಿಕೆ ಹಾಕಿಸಿದ್ದೀರಾ?"

"ವರ್ಷಾ ವರ್ಷಾ ಹಾಕ್ಸಿದೀನಿ ಮಿಸ್ಸು. ಚೀಟಿ ಇದೆ" ಎಂದರು.

ಮನಸ್ಸಿಗೆ ಸ್ವಲ್ಪ ಸಮಾಧಾನ ಆಯ್ತು. ಆದರೂ "ಕೈ ಹಾಕಬೇಡಿ, ಬಾಯಿ ನೋಡೋದು ಡಾಕ್ಟರ ಕೆಲಸ" ಎಂದೆವು.

ಏನು ಮಾಡಬಾರದು

ನಾವು ನುಂಗುವ ಜ್ವರದ ಮಾತ್ರೆ, ಮೈಕೈ ನೋವಿನ ಮಾತ್ರೆ ನಾಯಿಗೆ ಕೊಡಬಾರದು. ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವು ನಾಯಿಗೆ ವಿಷವಾಗಬಹುದು. ಬೆಕ್ಕಿಗಂತೂ ಪ್ಯಾರಸಿಟಮಾಲ್ ಸ್ವಲ್ಪವೇ ಸಾಕು, ಜೀವ ತೆಗೆಯುತ್ತೆ.

ಮೈ ಬಿಸಿ ಇದೆ ಅಂತ ಜ್ವರ ಅನ್ನಬೇಡಿ. ನಾಯಿಯ ಮೈ ನಮ್ಮ ಮೈಗಿಂತ ಬಿಸಿ. ನಮಗೆ ಸುಮಾರು 98 ಡಿಗ್ರಿ ಇದ್ದರೆ ನಾಯಿಗೆ 101ರಿಂದ 102 ಡಿಗ್ರಿ ಇರುತ್ತೆ. ಅದು ಅದರ ಸಹಜ ಬಿಸಿ.

ಬಾಯಿ ಬಿಡಿಸಿ ಹಾಲು, ಗಂಜಿ ಸುರಿಯಬಾರದು. ನಿತ್ರಾಣದ ನಾಯಿಗೆ ಸರಿಯಾಗಿ ನುಂಗಲು ಆಗೋದಿಲ್ಲ. ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತೆ. ಆಮೇಲೆ ಉಸಿರಾಟದ ಕಾಯಿಲೆಯೇ ಅದನ್ನು ಕೊಲ್ಲುತ್ತೆ. ಹಾಲು ಬಹಳ ದೊಡ್ಡ ನಾಯಿಗಳಿಗೆ ಅರಗೋದೂ ಇಲ್ಲ. ಭೇದಿ ಆಗುತ್ತೆ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ಆಗದು. ಮಸಾಲೆ ಸಾರು ಕಲಸಿದ ಅನ್ನವೂ ಬೇಡ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತೆ. ಅದೂ ಬೇಡ.

ಬರೆದಿಟ್ಟ ಚೀಟಿ ಮಾತಾಡಿತು

ಅವತ್ತು ನಾವು ಪಾಠ ಬದಲಿಸಿದೆವು. "ಅಕ್ಕಾ, ಕರಿಯ ಹೇಳಲ್ಲ ಅಂದ್ರಲ್ಲ. ಅದರ ಬದಲು ನೀವು ಬರೆಯಿರಿ" ಎಂದೆವು. ಏನೇನು ಬರೆಯಬೇಕು ಅಂತ ಎಲ್ಲರೂ ಸೇರಿ ಯೋಚಿಸಿದೆವು. ತಿಂದಿದ್ದು, ನೀರು ಕುಡಿದಿದ್ದು, ಉಚ್ಚೆ, ಕಕ್ಕ, ವಾಂತಿ. ಅಕ್ಕ ರಾತ್ರಿ ಕೂತು ನೆನಪು ಮಾಡಿಕೊಂಡು ಬರೆದರು. ಒತ್ತಕ್ಷರ ಅಲ್ಲಲ್ಲಿ ತಪ್ಪಿತ್ತು. ಆದರೆ ವಿಷಯ ಸರಿ ಇತ್ತು.

ಸೋಮವಾರ. ಅನ್ನ ಮೂಸಿ ಬಿಟ್ಟ. ನೀರು 7 ಸಲ. ಉಚ್ಚೆ 6 ಸಲ. ವಾಂತಿ 1.
ಮಂಗಳವಾರ. ಅನ್ನ ಇಲ್ಲ. ನೀರು 8 ಸಲ. ಉಚ್ಚೆ 7 ಸಲ. ವಾಂತಿ 3. ಬಾಯಿ ವಾಸನೆ.

ಬುಧವಾರ ಬೆಳಿಗ್ಗೆ ಅಕ್ಕ ವ್ಯಾಪಾರ ಬಿಟ್ಟರು. ಕರಿಯನನ್ನು ದುಪ್ಪಟಿಯಲ್ಲಿ ಸುತ್ತಿ ಆಟೋದಲ್ಲಿ ಸರ್ಕಾರಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಮ್ಮಲ್ಲೂ ಒಬ್ಬರು ಜೊತೆಗೆ ಹೋದೆವು. ಡಾಕ್ಟರು ಆ ಹಾಳೆ ಓದಿದರು.

"ಯಾರಮ್ಮ ಬರೆದಿದ್ದು?"

"ನಾನೇ ಸಾರ್" ಎಂದರು ಅಕ್ಕ. ತಲೆ ತಗ್ಗಿಸಿದ್ದರು.

"ತುಂಬಾ ಒಳ್ಳೇದಾಯ್ತು ನೋಡಮ್ಮಾ. ಇಷ್ಟೊಂದು ನೀರು, ಇಷ್ಟೊಂದು ಉಚ್ಚೆ, ಬಾಯಿ ವಾಸನೆ. ಮೂತ್ರಪಿಂಡ ನೋಡಬೇಕು" ಎಂದು ರಕ್ತ ತೆಗೆದರು.

ಅವರ ಅನುಮಾನ ನಿಜವಾಯ್ತು. ಕರಿಯನ ಮೂತ್ರಪಿಂಡ, ಅಂದರೆ ಕಿಡ್ನಿ, ಸವೆದು ಹೋಗಿತ್ತು.

ಊಟ ಯಾಕೆ ಬಿಡುತ್ತೆ?

ಕಿಡ್ನಿ ರಕ್ತವನ್ನು ಸೋಸುವ ಜರಡಿ. ಜರಡಿ ಕೆಟ್ಟರೆ ಕಸ ರಕ್ತದಲ್ಲೇ ಉಳಿಯುತ್ತೆ. ಹೊಟ್ಟೆ ತೊಳಸುತ್ತೆ. ಬಾಯಲ್ಲಿ ಹುಣ್ಣು ಏಳುತ್ತೆ. ಬಸುರಿನಲ್ಲಿ ವಾಕರಿಕೆ ಬಂದಾಗ ನಮಗೆ ಅನ್ನ ಸೇರ್ತಿತ್ತಾ? ಹಾಗೇ ಇದು. ನಾಯಿ ಹಟ ಮಾಡ್ತಿಲ್ಲ. ಅದಕ್ಕೆ ಆಗ್ತಿಲ್ಲ.

ಮುದಿ ನಾಯಿ ಊಟ ಬಿಡಲು ಬೇರೆ ಕಾರಣಗಳೂ ಇವೆ. ಹಲ್ಲು ಹುಳುಕಾಗಿ ಒಸಡು ಬಾತಿರಬಹುದು. ಉಣ್ಣೆ ಕಚ್ಚಿ ಉಣ್ಣೆ ಜ್ವರ ಬಂದಿರಬಹುದು. ಅದರಲ್ಲಿ ಮೂಗಿನಿಂದ ರಕ್ತ ಬರುವುದೂ ಉಂಟು. ಗೆಡ್ಡೆ ಬೆಳೆದಿರಬಹುದು. ಹೆಣ್ಣು ನಾಯಿಗೆ ಸಂತಾನಹರಣ ಮಾಡಿಸದೇ ಇದ್ದರೆ ಗರ್ಭಕೋಶದಲ್ಲಿ ಕೀವು ತುಂಬಬಹುದು. ಆಗ ಅದು ನೀರು ಬಹಳ ಕುಡಿಯುತ್ತೆ, ಊಟ ಬಿಡುತ್ತೆ. ಇದಕ್ಕೆ ಬೇಗ ಆಪರೇಷನ್ ಆದರೆ ಬದುಕುತ್ತೆ. ಅದಕ್ಕೇ "ವಯಸ್ಸಾಯ್ತು" ಅಂತ ಸುಮ್ಮನಿರಬಾರದು. ವಯಸ್ಸು ಕಾಯಿಲೆ ಅಲ್ಲ.

ಒಂದು ಪೂರ್ತಿ ದಿನ ಊಟ ಬಿಟ್ಟರೆ ಡಾಕ್ಟರಿಗೆ ತೋರಿಸಿ. ಒಸಡು ಬೆಳ್ಳಗಾದರೆ, ಹೊಟ್ಟೆ ಉಬ್ಬಿದರೆ, ಉಸಿರು ಎಳೆದರೆ, ಉಚ್ಚೆ ಕಟ್ಟಿದರೆ, ಕಕ್ಕದಲ್ಲಿ ರಕ್ತ ಬಂದರೆ ಒಂದು ಗಂಟೆಯೂ ಕಾಯಬೇಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ದೊಡ್ಡ ಆಸ್ಪತ್ರೆ ಇದೆ. ಕ್ವೀನ್ಸ್ ರಸ್ತೆಯಲ್ಲೂ ಸರ್ಕಾರಿ ಪಶು ಆಸ್ಪತ್ರೆ ಇದೆ. ಮೊದಲು ನಿಮ್ಮ ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತೆ ಅಂತ ತಿಳಿದು ಗೋಡೆ ಮೇಲೆ ಬರೆದಿಡಿ.

ಮನೆಯಲ್ಲಿ ಮಾಡುವ ಆರೈಕೆ

ಡಾಕ್ಟರು ಸಲೈನ್ ಹಾಕಿದರು. ವಾಂತಿ ನಿಲ್ಲಲು ಚುಚ್ಚುಮದ್ದು ಕೊಟ್ಟರು. ಆಮೇಲೆ ಹೇಳಿದರು: "ಇದು ಪೂರ್ತಿ ವಾಸಿ ಆಗಲ್ಲಮ್ಮ. ಇರೋಷ್ಟು ದಿನ ನೋವಿಲ್ಲದೆ ನೋಡ್ಕೋಬಹುದು." ಅಕ್ಕ ಕಲಿತ ಆರೈಕೆ ಇದು:

1. ಅನ್ನವನ್ನು ಮೆತ್ತಗೆ ಬೇಯಿಸಿ. ಉಪ್ಪು, ಖಾರ ಬೇಡ. ಮೂಳೆ ತೆಗೆದ ಕೋಳಿಯನ್ನು ಬೇಯಿಸಿ ಕಿವುಚಿ ಸೇರಿಸಿ. ಯಾವ ಕಾಯಿಲೆಗೆ ಏನು ಕೊಡಬೇಕು ಅಂತ ಡಾಕ್ಟರನ್ನು ಕೇಳಿ.
2. ಉಗುರುಬೆಚ್ಚಗೆ ಕೊಡಿ. ಬೆಚ್ಚಗಿದ್ದರೆ ವಾಸನೆ ಏಳುತ್ತೆ. ನಾಯಿಗೆ ವಾಸನೆಯಿಂದಲೇ ಹಸಿವು.
3. ಒಂದೇ ಸಲ ತಟ್ಟೆ ತುಂಬ ಇಡಬೇಡಿ. ಎರಡು ಚಮಚದಂತೆ ನಾಲ್ಕೈದು ಸಲ ಇಡಿ. ತಿನ್ನದಿದ್ದರೆ ಬೈಯದೆ ತೆಗೆದುಬಿಡಿ.
4. ಚೊಕ್ಕ ನೀರು ತಲೆಯ ಹತ್ತಿರವೇ ಇರಲಿ. ಕಿಡ್ನಿ ಕೆಟ್ಟ ನಾಯಿಗೆ ನೀರು ಕಡಿಮೆ ಮಾಡಬಾರದು.
5. ಗೋಣಿತಾಟಿನ ಮೇಲೆ ಹಳೆ ಸೀರೆ ಮಡಿಸಿ ಹಾಸಿ. ಎದ್ದೇಳಲು ಆಗದಿದ್ದರೆ ಎರಡು ಮೂರು ಗಂಟೆಗೊಮ್ಮೆ ಮಗ್ಗಲು ಬದಲಿಸಿ. ಇಲ್ಲದಿದ್ದರೆ ಮೈ ಹುಣ್ಣಾಗುತ್ತೆ. ಹುಣ್ಣಿಗೆ ನೊಣ ಕೂತರೆ ಹುಳ ಬೀಳುತ್ತೆ.
6. ಉಚ್ಚೆ ಆದ ಬಟ್ಟೆ ಕೂಡಲೇ ತೆಗೆಯಿರಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ನಾಯಿಯ ಉಚ್ಚೆಯಿಂದ ಇಲಿಜ್ವರ ನಮಗೂ ಬರಬಹುದು. ಮಕ್ಕಳನ್ನು ಮುಟ್ಟಿಸಬೇಡಿ.

ಎರಡು ದಿನದ ಮೇಲೆ ಕರಿಯ ಎರಡು ಚಮಚ ಅನ್ನ ತಿಂದ. ಅಕ್ಕ ಓಡಿ ಬಂದು ಹೇಳಿದರು. ಅವತ್ತು ಕೇಂದ್ರದಲ್ಲಿ ಎಲ್ಲರಿಗೂ ಖುಷಿ.

ಆತಕೂರಿನ ಕಲ್ಲು

"ನಾಯಿಗೆ ಯಾಕಿಷ್ಟು ಒದ್ದಾಟ" ಅಂದಿದ್ದರಲ್ಲ, ಅವರಿಗೆ ನಾವು ಈ ಕಥೆ ಹೇಳಿದೆವು. ಇದು ನಡೆದ ಕಥೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಊರಿದೆ. ಸುಮಾರು ಕ್ರಿ.ಶ. 950ರಲ್ಲಿ ಅಲ್ಲಿ ಒಂದು ಕಲ್ಲು ನೆಟ್ಟರು. ಅದು ಕಾಳಿ ಎಂಬ ಬೇಟೆನಾಯಿಯ ನೆನಪಿನ ಕಲ್ಲು. ಆಗ ರಾಷ್ಟ್ರಕೂಟರ ಮೂರನೇ ಕೃಷ್ಣ ದೊರೆ. ಮಣಲೇರ ಎಂಬ ವೀರ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಅದನ್ನು ಮೆಚ್ಚಿ ಅವನಿಗೆ "ಏನು ಬೇಕು ಕೇಳು" ಎಂದರು. ಮಣಲೇರ ಚಿನ್ನ ಕೇಳಲಿಲ್ಲ. ಕಾಳಿಯನ್ನು ಕೇಳಿದ. ಮುಂದೆ ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು. ಎರಡೂ ಸತ್ತವು. ಕಾಳಿಗಾಗಿ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿ ಹಂದಿಯ ಜೊತೆ ಹೋರಾಡಿತು. ಕರಿಯ ಹದಿಮೂರು ವರ್ಷ ಕತ್ತಲಲ್ಲಿ ಒಬ್ಬ ಹೆಂಗಸನ್ನು ಕಾಯಿತು. ಅದೂ ದುಡಿಮೆಯೇ ಅಲ್ಲವೇ?

ಕೊನೆಯ ದಿನಗಳು

ಅಕ್ಕ ದಿನವೂ ಬರೆಯುತ್ತಿದ್ದರು. ತಿಂದು, ಬಾಲ ಆಡಿಸಿದ ದಿನಕ್ಕೆ ಒಂದು ಸೊನ್ನೆ. ವಾಂತಿ ಮಾಡಿ, ನರಳಿದ ದಿನಕ್ಕೆ ಒಂದು ಅಡ್ಡಗೆರೆ. ಮೊದಲ ವಾರ ಐದು ಸೊನ್ನೆ, ಎರಡು ಗೆರೆ. ಎರಡನೇ ವಾರ ಮೂರು ಸೊನ್ನೆ, ನಾಲ್ಕು ಗೆರೆ. ಮೂರನೇ ವಾರ ಒಂದೇ ಸೊನ್ನೆ, ಆರು ಗೆರೆ.

ಡಾಕ್ಟರು ಹಾಳೆ ನೋಡಿ ಮೆಲ್ಲಗೆ ಹೇಳಿದರು: "ಇನ್ನು ಔಷಧಿಯಿಂದ ಏನೂ ಆಗಲ್ಲಮ್ಮ. ಹೀಗೇ ಬಿಟ್ಟರೆ ಇನ್ನೂ ಕೆಲವು ದಿನ ನರಳುತ್ತೆ. ಬೇಡ ಅಂದ್ರೆ ಚುಚ್ಚುಮದ್ದು ಕೊಟ್ಟು ನಿದ್ದೆಯಲ್ಲೇ ಕಳಿಸಬಹುದು. ಯೋಚನೆ ಮಾಡಿ ಹೇಳಿ."

ಇದಕ್ಕೆ ದಯಾಮರಣ ಅಂತಾರೆ. ಇದನ್ನು ಪಶುವೈದ್ಯರೇ ಮಾಡಬೇಕು. ವಾಸಿಯಾಗದ ಕಾಯಿಲೆ ಇದ್ದಾಗ ಮಾತ್ರ ಮಾಡ್ತಾರೆ. ಮನೆಯಲ್ಲಿ ವಿಷ ಹಾಕುವುದು, ದೂರ ಒಯ್ದು ಬಿಟ್ಟು ಬರುವುದು ಕ್ರೌರ್ಯ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅದು ಅಪರಾಧವೂ ಹೌದು.

ಅಕ್ಕ ನಮ್ಮನ್ನು ಕೇಳಿದರು: "ಮಿಸ್ಸು, ನಾನು ಕೊಂದಂಗೆ ಆಗುತ್ತಾ?"

ನಮಗೂ ಕೂಡಲೇ ಮಾತು ಬರಲಿಲ್ಲ. ಆಮೇಲೆ ಹೇಳಿದೆವು: "ಅಕ್ಕಾ, ಕಾಯಿಲೆ ಅದನ್ನ ಒಯ್ಯುತ್ತೆ. ನರಳಿಕೆ ಎಷ್ಟು ದಿನ ಅನ್ನೋದು ಮಾತ್ರ ನಿಮ್ಮ ಕೈಲಿದೆ. ಕೆಲವರು ಮನೆಯಲ್ಲೇ ಕೊನೆತನಕ ನೋಡ್ಕೋತಾರೆ. ಅದೂ ತಪ್ಪಲ್ಲ. ಆಗ ನೋವು ಕಡಿಮೆ ಆಗೋ ಮದ್ದು ಡಾಕ್ಟರಿಂದ ಕೇಳಿ ಕೊಡಬೇಕು. ನೀವು ಬರೆದ ಹಾಳೆ ನೋಡಿ, ನೀವೇ ತೀರ್ಮಾನ ಮಾಡಿ."

ಅಕ್ಕ ಆ ರಾತ್ರಿ ಹಾಳೆ ಮುಂದಿಟ್ಟುಕೊಂಡು ಕೂತರು. ಬೆಳಿಗ್ಗೆ ಆಸ್ಪತ್ರೆಗೆ ಹೋದರು. ಕರಿಯನ ತಲೆ ಅವರ ತೊಡೆಯ ಮೇಲಿತ್ತು. ಚುಚ್ಚುಮದ್ದು ಆದ ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಸತ್ತ ಪ್ರಾಣಿಯನ್ನು ಕಸದ ರಾಶಿಗೆ, ವೃಷಭಾವತಿಗೆ ಎಸೆಯಬಾರದು. ಜಾಗ ಇದ್ದರೆ ಆಳವಾದ ಗುಂಡಿಯಲ್ಲಿ ಹೂಳಬೇಕು. ಬಾವಿ, ಬೋರ್‌ವೆಲ್ ಹತ್ತಿರ ಬೇಡ. ಜಾಗ ಇಲ್ಲದವರು ಪಾಲಿಕೆಯ ಪಶುಪಾಲನಾ ವಿಭಾಗದವರನ್ನು ಕೇಳಬೇಕು. ಅಕ್ಕ ಊರಿನ ಹೊಲದಲ್ಲಿ ಹೂಳಿಸಿದರು. ಮೇಲೆ ಒಂದು ಮೊಳ ಮಲ್ಲಿಗೆ ಇಟ್ಟರು.

ಹಾಳೆಯ ಕೊನೆಯ ಸಾಲು ಹೀಗಿದೆ: "ಶುಕ್ರವಾರ. ಕರಿಯ ಹೋದ. ನರಳಲಿಲ್ಲ." ಆ ಸಾಲಿನಲ್ಲಿ ಒಂದು ಒತ್ತಕ್ಷರವೂ ತಪ್ಪಿಲ್ಲ.

ಈಗ ಬೆಳಗಿನ ಜಾವ ಅಕ್ಕ ಒಬ್ಬರೇ ಹೋಗೋದಿಲ್ಲ. ಅದೇ ಬೀದಿಯ ಇನ್ನಿಬ್ಬರು ಹೂವಿನವರು ಜೊತೆಯಾಗಿದ್ದಾರೆ. "ಯಾಕಿಷ್ಟು ಒದ್ದಾಟ" ಅಂದವರೂ ಅವರಲ್ಲಿ ಒಬ್ಬರು.

ಓದಿ, ಮಾತಾಡಿ, ಬರೆಯಿರಿ

1. ಊಟ ಬಿಟ್ಟ ನಾಯಿಯ ಬಾಯಿಗೆ ಯಾಕೆ ಕೈ ಹಾಕಬಾರದು?
2. ನಾಯಿ ಕಚ್ಚಿದರೆ ಗಾಯವನ್ನು ಎಷ್ಟು ನಿಮಿಷ ತೊಳೆಯಬೇಕು?
3. ಡಾಕ್ಟರಿಗೆ ಅಕ್ಕನ ಹಾಳೆಯಿಂದ ಏನು ತಿಳಿಯಿತು?
4. ಅಕ್ಕ ಮಾಡಿದ ತೀರ್ಮಾನ ಸರಿಯೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಎಲ್ಲರೂ ಕೂತು ಮಾತಾಡಿ.
5. ನಿಮ್ಮ ಮನೆಯಲ್ಲಿ ಕಾಯಿಲೆಯವರು ಇದ್ದಾರೆಯೇ? ಮಗು, ಅತ್ತೆ, ಹಸು, ನಾಯಿ ಯಾರೇ ಆಗಲಿ. ಇವತ್ತು ಅವರು ತಿಂದದ್ದು, ಕುಡಿದದ್ದು ಬರೆಯಿರಿ. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.

ಹೊಸ ಪದಗಳು

ಮೂತ್ರಪಿಂಡ: ಕಿಡ್ನಿ, ರಕ್ತ ಸೋಸುವ ಅಂಗ
ಲಸಿಕೆ: ಕಾಯಿಲೆ ಬರದ ಹಾಗೆ ಮುಂಚೆಯೇ ಹಾಕಿಸುವ ಮದ್ದು
ಆರೈಕೆ: ಕಾಯಿಲೆಯವರನ್ನು ನೋಡಿಕೊಳ್ಳುವುದು
ದಯಾಮರಣ: ವಾಸಿಯಾಗದ ನೋವಿನಿಂದ ಬಿಡಿಸಲು ವೈದ್ಯರು ಕೊಡುವ ಸಾವು